ಹೊಳೆ ದಾಟಿಸುವ ಹಗ್ಗ

“ಅಜ್ಜಾರ, ನನ್ನ ಮಂದಿ ಒಬ್ಬೊಬ್ಬರನ್ನ ನೋಡಿದರ ಬಂಗಾರದಂಥವರು. ಕೂಡಿ ಕೆಲಸಕ್ಕ ನಿಂತರ ಮಾತ್ರ ಏನೂ ನೆಟ್ಟಗಾಗಂಗಿಲ್ಲ. ಇವರನ್ನ ಒಂದು ದಾರಿಗೆ ತರೂದು ಹ್ಯಾಂಗ?”

ಕೇಳಿದವನು ನಿರ್ವಾಣಪ್ಪ, ಜಮಖಾನ ನೇಯಿಸಿ ಮಾರುವ ವ್ಯಾಪಾರಿ, ಮಠದ ಶಿಷ್ಯ. ನೂಲು ಸುತ್ತುವವರು, ಬಣ್ಣ ಹಾಕುವವರು, ನೇಯುವವರು ಎಂದು ಅವನ ಕೈಕೆಳಗೆ ಇಪ್ಪತ್ತು ಜನ. ಈಚೆಗೆ ಪೇಟೆಗೆ ಹೋದ ಜಮಖಾನಗಳು ಒಂದೊಂದಾಗಿ ಹಿಂದಕ್ಕೆ ಬರುತ್ತಿದ್ದವು. ನಾಳೆಯೇ ಹತ್ತು ಜನರನ್ನು ಬಿಡಿಸಿ, ಉಳಿದವರ ತಲೆಯ ಮೇಲೆ ಒಬ್ಬ ಗಡಸು ಮೇಸ್ತ್ರಿಯನ್ನು ಕೂರಿಸುವುದೆಂದು ಅವನು ತೀರ್ಮಾನಿಸಿಯಾಗಿತ್ತು. ಅದನ್ನೂ ಹೇಳಿದ. ಅವನಿಗೆ ಬೇಕಾಗಿದ್ದದ್ದು ಆಶೀರ್ವಾದ. ಪ್ರಶ್ನೆ ಬರೀ ಪೀಠಿಕೆ.

ಮಠದ ಅಜ್ಜನವರು ನಿರ್ವಾಣಪ್ಪನೇ ತಂದುಕೊಟ್ಟ ಜಮಖಾನದ ಮೇಲೆ ಕೂತಿದ್ದರು. ಅವನು ಎಂದಿನಂತೆ ಭಯಭಕ್ತಿಯಿಂದ ಎದುರಿನ ಬರಿನೆಲದ ಮೇಲೆ ಕೂತಿದ್ದ.

“ಮೇಸ್ತ್ರಿ ನಾಳೆ ಬರಲಿ. ಇವತ್ತೊಂದು ಕತಿ ಕೇಳು” ಎಂದು ಅಜ್ಜನವರು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಹಗ್ಗದ ವ್ಯಾಪಾರಿ ಇದ್ದ. ಊರ ಮುಂದೆಯೇ ಹೊಳೆ. ಈ ದಡದಿಂದ ಆ ದಡಕ್ಕೆ ದಪ್ಪನೆಯ ಹಗ್ಗ ಬಿಗಿದಿತ್ತು. ಅಂಬಿಗ ಅದನ್ನು ಹಿಡಿದು ಜಗ್ಗುತ್ತ ದೋಣಿಯನ್ನು ದಾಟಿಸುತ್ತಿದ್ದ. ಹಗ್ಗ ಹಳತಾಗಿತ್ತು. ಮಳೆಗಾಲಕ್ಕೆ ಒಂದು ತಿಂಗಳಿರುವಾಗ ಅವನು ವ್ಯಾಪಾರಿಯ ಹತ್ತಿರ ಬಂದು ಹೊಸದಕ್ಕೆ ಹೇಳಿಹೋದ. ಹೊಳೆ ಏರಿದರೆ ಹಳೆಯ ಹಗ್ಗ ತಡೆಯುವುದಿಲ್ಲ, ಏರಿದ ಮೇಲೆ ಹೊಸದನ್ನು ಕಟ್ಟಲೂ ಬರುವುದಿಲ್ಲ. ಹಗ್ಗ ಅಷ್ಟರೊಳಗೆ ದಡ ಸೇರಲೇಬೇಕು.

ದೊಡ್ಡ ಹಗ್ಗಕ್ಕೆ ಮೂರು ಎಳೆ. ಒಂದೊಂದು ಎಳೆಯನ್ನು ಒಂದೊಂದು ಗುಂಪು ಬೇರೆಯಾಗಿ ಹೊಸೆಯುತ್ತದೆ. ಕೊನೆಗೆ ಮೂರನ್ನೂ ಕೂಡಿಸಿ ಹುರಿ ಹಾಕುತ್ತಾರೆ. ವ್ಯಾಪಾರಿ ಚುರುಕು ಮನುಷ್ಯ, ಒಂದು ಕಡೆ ಕೂರುವವನಲ್ಲ. ಮುಂಜಾನೆ ಮೊದಲನೆಯ ಗುಂಪಿನ ಹತ್ತಿರ ಹೋಗಿ ಹುರಿ ಬಿಗಿಯಾಗಿರಲಿ ಎಂದ. ಮಧ್ಯಾಹ್ನ ಮಳೆಯ ನೆನಪಾಗಿ, ಎರಡನೆಯವರಿಗೆ ಲಗುಬಗೆಯಿಂದ ಮುಗಿಸಿ ಎಂದ. ಸಂಜೆ ಮೂರನೆಯವರ ಹತ್ತಿರ ಬರುವ ಹೊತ್ತಿಗೆ ನಾರಿನ ರಾಶಿ ಕರಗಿದ್ದು ಕಣ್ಣಿಗೆ ಬಿತ್ತು; ನಾರು ಉಳಿಸಿ ಎಂದ. ಮೂರೂ ಒಳ್ಳೆಯ ಮಾತುಗಳೇ. ತಪ್ಪು ಹುಡುಕಲು ಹೋದರೆ ಯಾರ ಕೈಗೂ ಸಿಗದಂಥವು.

ಹದಿನೈದು ದಿನಕ್ಕೆ ಹಗ್ಗವಾಯಿತು, ನೋಡಲು ಚೆಂದವೂ ಇತ್ತು. ಅಂಬಿಗ ಅದರ ಒಂದು ತುದಿಯನ್ನು ಹುಣಸೆಮರಕ್ಕೆ ಬಿಗಿದು, ಇನ್ನೊಂದಕ್ಕೆ ಎರಡು ಜೋಡಿ ಎತ್ತು ಕಟ್ಟಿ ಜಗ್ಗಿಸಿದ. ಹಗ್ಗ ಫಟ್ಟನೆ ಹರಿಯಿತು. ಮೊದಲು ಹರಿದದ್ದು ಎಲ್ಲಕ್ಕಿಂತ ಬಿಗಿಯಾದ ಎಳೆಯೇ. ಉಳಿದೆರಡು ಸಡಿಲವಾಗಿದ್ದರಿಂದ ಭಾರವೆಲ್ಲ ಅದೊಂದರ ಮೇಲೆಯೇ ಬಿದ್ದಿತ್ತು. ಅದು ಹೋದ ಮೇಲೆ ಉಳಿದವು ಒಂದು ಗಳಿಗೆಯೂ ನಿಲ್ಲಲಿಲ್ಲ.

ವ್ಯಾಪಾರಿ ಕೆಂಡಾಮಂಡಲವಾದ. ಮೂರೂ ಗುಂಪಿನವರನ್ನು ಸಾಲಾಗಿ ನಿಲ್ಲಿಸಿ ಬಾಯಿಗೆ ಬಂದಂತೆ ಬೈದ. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಮೊದಲನೆಯ ಗುಂಪಿನ ಮುದುಕ ಬಾಯಿಬಿಟ್ಟ.

“ಯಜಮಾನ್ರ, ನಮಗ ಬಿಗಿ ಅಂದ್ರಿ, ಬಿಗಿ ಮಾಡೇವಿ. ಅವರಿಗೆ ಲಗೂನ ಅಂದ್ರಿ, ಲಗೂನ ಮುಗಿಸ್ಯಾರ. ಇವರಿಗೆ ನಾರು ಉಳಸ್ರಿ ಅಂದ್ರಿ, ಉಳಿಸ್ಯಾರ. ನಿಮ್ಮ ಮಾತು ಮೀರಿದವರು ಇಲ್ಲಿ ಯಾರೂ ಇಲ್ಲ.”

ವ್ಯಾಪಾರಿಯ ಸಿಟ್ಟು ಇಳಿಯಲಿಲ್ಲ, ಆದರೆ ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಹೋಯಿತು. ಸುಮ್ಮನೆ ಹೊಳೆಯ ಕಡೆ ನಡೆದ. ಇಷ್ಟು ವರ್ಷ ಹಗ್ಗ ಮಾರಿದವನು ಆ ದೋಣಿಯಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಅವನ ವ್ಯವಹಾರವೆಲ್ಲ ಈ ದಡದಲ್ಲೇ ಮುಗಿಯುತ್ತಿತ್ತು. ಅಂದು ಹತ್ತಿ ಕೂತ. ಪಕ್ಕದಲ್ಲಿ ಒಬ್ಬ ಹೆಂಗಸು, ಮಡಿಲಲ್ಲಿ ಜ್ವರದ ಕೂಸು. ವೈದ್ಯರು ಆಚೆ ದಡದಲ್ಲಿದ್ದರು. ನಡುಹೊಳೆಯಲ್ಲಿ ಹಳೆಯ ಹಗ್ಗ ಕಿರ್ರೆಂದಾಗ ಆಕೆ ಒಂದು ಕೈಯಿಂದ ಕೂಸನ್ನು ಅವುಚಿಕೊಂಡು, ಇನ್ನೊಂದರಿಂದ ತನಗರಿವಿಲ್ಲದೆಯೇ ವ್ಯಾಪಾರಿಯ ತೋಳನ್ನು ಹಿಡಿದಳು. ಆಮೇಲೆ ಅವನ ಗುರುತು ಸಿಕ್ಕಿತು.

“ಹೊಸ ಹಗ್ಗ ನೀವ ಮಾಡಾಕತ್ತೀರಂತಲ್ರೀ, ಯಣ್ಣಾ. ಗಟ್ಟಿ ಆಗೇತೇನ್ರಿ?”

ದೋಣಿ ದಡ ಮುಟ್ಟಿದಾಗ ವ್ಯಾಪಾರಿ ಆಕೆಯ ಕಣ್ಣು ತಪ್ಪಿಸಿ ಇಳಿದ. ಅವನಿಗೆ ನಾಚಿಕೆಯಾಯಿತು.

ಮರುದಿನ ಅವನು ಕೆಲಸದವರನ್ನೆಲ್ಲ ಮೂರು ಸಲ ದೋಣಿ ತುಂಬಿಸಿ ಆಚೆ ದಡಕ್ಕೆ ಕರೆದೊಯ್ದು ಕರೆತಂದ. ನಡುಹೊಳೆಯಲ್ಲಿ ಪ್ರತಿಯೊಬ್ಬರ ಕೈಗೂ ಹಳೆಯ ಹಗ್ಗ ಕೊಟ್ಟು ಜಗ್ಗಿಸಿದ. ಈಚೆಗೆ ಬಂದ ಮೇಲೆ ಆ ಹೆಂಗಸಿನ ವಿಷಯ ಹೇಳಿ, “ಬಿಗಿ, ಲಗೂ, ಉಳಿತಾಯ, ನಾ ಹೇಳಿದ್ದೆಲ್ಲಾ ಮರೀರಿ. ಹೊಳಿ ತುಂಬಿದಾಗ ಆಕಿ ಕೂಸಿನ ಕೂಡ ಆಚೆ ಹೋಗಿ ತಿರುಗಿ ಬರಬೇಕು. ಈ ಹಗ್ಗ ಅದಕ್ಕ” ಎಂದ.

ಮುದುಕ ತನ್ನ ಅಂಗೈ ನೋಡಿಕೊಂಡ. “ನಲವತ್ತು ವರ್ಷ ಹೊಸೆದೀನಿ. ಹಗ್ಗ ಎಲ್ಲಿಗೆ ಹೋಗತೈತಿ ಅಂತ ಇವತ್ತ ಗೊತ್ತಾತು.”

ಹೊಸ ನಾರು ತಂದು ಮೂರೂ ಗುಂಪು ಮತ್ತೆ ಮೊದಲಿನಿಂದ ಹೊಸೆಯಲು ಕೂತವು. ಯಾರೂ ಹೇಳದೆಯೇ ಮುದುಕ ಎದ್ದುಹೋಗಿ ಉಳಿದೆರಡು ಎಳೆಗಳನ್ನು ಕೈಯಾಡಿಸಿ ನೋಡಿ ಬಂದ. ಬಂದು ತನ್ನ ಹುರಿಯನ್ನು ಸ್ವಲ್ಪ ಸಡಿಲಿಸಿದ. ಊರಿಗೆಲ್ಲ ತನ್ನ ಬಿಗಿಯನ್ನೇ ಹೇಳಿಕೊಂಡು ತಿರುಗಿದವನಿಗೆ ಅದು ಸಣ್ಣ ಸಂಗತಿಯಲ್ಲ. ನಾರು ಉಳಿಸುತ್ತಿದ್ದವರು ಒಂದೊಂದು ಹಿಡಿ ಹೆಚ್ಚು ಸೇರಿಸಿದರು. ಅವಸರದವರು ಮುಂದೆ ಹೋದಾಗ ನಿಂತು, ಉಳಿದವರು ಬಂದು ಕೂಡುವವರೆಗೆ ಕಾದರು. ವ್ಯಾಪಾರಿಯೇನು, ಹುಟ್ಟುಗುಣ, ಮೊದಲಿನಂತೆಯೇ ಸುತ್ತುತ್ತಿದ್ದ. ಆದರೆ ಈಗ ಮೂರು ಕಡೆಯೂ ಒಂದೇ ಮಾತು ಕೇಳುತ್ತಿದ್ದ: “ಆ ತಾಯಿ ಇದನ್ನ ನಂಬಿ ದೋಣಿ ಹತ್ತಬಹುದೇನು?”

ಹದಿಮೂರನೆಯ ದಿನ ಹಗ್ಗ ಸಿದ್ಧವಾಯಿತು. ಎತ್ತುಗಳು ಜಗ್ಗಿ ಜಗ್ಗಿ ಸೋತು ನಿಂತವು, ಹಗ್ಗ ಸೋಲಲಿಲ್ಲ. ಎರಡು ದಿನ ಬಿಟ್ಟು ಮಳೆ ಹಿಡಿಯಿತು. ಹೊಳೆ ತುಂಬಿ ಬಂದರೂ ದೋಣಿ ಹೋಗುತ್ತಿತ್ತು, ಬರುತ್ತಿತ್ತು.

ಅಜ್ಜನವರು ಕತೆ ನಿಲ್ಲಿಸಿದರು. ನಿರ್ವಾಣಪ್ಪನ ಮುಖ ಅರಳಿತ್ತು. ಮೇಸ್ತ್ರಿಯ ಯೋಚನೆ ಆಗಲೇ ಅವನ ತಲೆಯಿಂದ ಇಳಿದಿತ್ತು.

“ತಿಳೀತ್ರಿ ಅಜ್ಜಾರ. ನಾನೂ ನನ್ನ ಮಂದಿಗೆ ಒಂದ ಮಾತು ಹೇಳತೀನಿ. ಯಾವ ಮಾತು ಹೇಳ್ಲಿ, ಅದನ್ನೂ ನೀವ ಹೇಳಿಬಿಡ್ರಿ.”

ಅಜ್ಜನವರು ನಕ್ಕು, ಪಕ್ಕಕ್ಕೆ ಸರಿದು, ಇನ್ನೊಬ್ಬರು ಕೂರುವಷ್ಟು ಜಾಗ ಮಾಡಿದರು. ಅವರ ಕಾವಿಯ ಅಂಚಿಗೆ ಜಮಖಾನದ ನೀಲಿ ಬಣ್ಣ ಹತ್ತಿತ್ತು.

“ನಿರ್ವಾಣಪ್ಪ, ನಿನ್ನ ಜಮಖಾನದ ಮ್ಯಾಲೆ ನೀ ಒಂದು ದಿನಾನಾದ್ರೂ ಕುಂತೀಯೇನು?”

ನಿರ್ವಾಣಪ್ಪ ಎದ್ದು ಬಂದು ಅಜ್ಜನವರ ಪಕ್ಕದಲ್ಲಿ ಕೂತು, ಜಮಖಾನದ ಮೇಲೆ ಕೈಯಾಡಿಸಿದ; ಅವನ ಅಂಗೈಗೂ ನೀಲಿ ಹತ್ತಿತು.