ಬೆಟ್ಟದ ದಾರಿಯ ಜಾಗಟೆ

“ಗುರುಗಳೇ, ನಾಳೆ ಕಣಿವೆ ದಾಟಿ ಎದುರು ಗುಡ್ಡದ ಮಂಟಪದಲ್ಲಿ ಇಳಿದುಕೊಳ್ಳೋಣ ಎಂದಿದ್ದೇನೆ. ಹಿಂದೆ ಬೀಳುವವರಿಗಾಗಿ ಇವತ್ತಿನಂತೆಯೇ ನೆರಳು ಸಿಕ್ಕಲ್ಲೆಲ್ಲ ಕಾಯುತ್ತೇನೆ. ಇಷ್ಟು ಮಾಡಿದರೂ ಅಡುಗೆಯ ಸಂಗಯ್ಯ ಮುಖ ಗಂಟಿಕ್ಕಿಕೊಂಡೇ ಇರುತ್ತಾನೆ. ನನ್ನ ತಪ್ಪೇನು?” ಎಂದು ರಾಚಯ್ಯ ಕೇಳಿದ.

ಗುರುಗಳು ಶಿಷ್ಯರೊಡನೆ ಬೆಟ್ಟದ ಯಾತ್ರೆ ಹೊರಟು ಕೆಲವು ದಿನಗಳಾಗಿದ್ದವು. ದಿನದ ನಡಿಗೆ ಗೊತ್ತುಮಾಡುವುದು, ಮುಂದೆ ನಡೆಯುವುದು, ಕೂತಲ್ಲಿಂದ ಎಲ್ಲರನ್ನೂ ಎಬ್ಬಿಸಲು ಜಾಗಟೆ ಬಾರಿಸುವುದು ರಾಚಯ್ಯನ ಕೆಲಸ. ವಯಸ್ಸಾದ ಸಂಗಯ್ಯ ಪಾತ್ರೆಗಂಟು ಹೊತ್ತು ಕಟ್ಟಕಡೆಗೆ ಬರುತ್ತಿದ್ದ.

“ಕೂತುಕೋ, ಒಂದು ಕತೆ ಹೇಳುತ್ತೇನೆ” ಎಂದರು ಗುರುಗಳು. ದನಿ ಬಿಗಿಯಾಗಿತ್ತು.

ಒಬ್ಬ ವರ್ತಕ ಊರ ಜನರನ್ನು ಕಟ್ಟಿಕೊಂಡು ಬೆಟ್ಟದ ದೇವರಿಗೆ ಹೊರಟ. ನಾಲ್ಕಾರು ದಿನದ ಕಾಲುದಾರಿ. ಗುಂಪಿನಲ್ಲಿ ಒಬ್ಬ ಮುದುಕಿ ಇದ್ದಳು. ಕಣ್ಣು ಕಾಣದ ಮೊಮ್ಮಗಳಿಗೆ ದೃಷ್ಟಿ ಬಂದರೆ ನಡೆದೇ ಬಂದು ದೇವರ ದೀಪಕ್ಕೆ ಎಣ್ಣೆ ಹಾಕುತ್ತೇನೆ ಎಂದು ಹರಕೆ ಹೊತ್ತಿದ್ದಳು. ದೃಷ್ಟಿ ಬಂದಿತ್ತು. ಹರಕೆ ತೀರಿಸದೆ ಸಾಯಬಾರದು ಎಂಬುದೊಂದೇ ಅವಳ ಆಸೆ.

ಆ ಗುಂಪಿಗೊಂದು ಕಟ್ಟಳೆ. ಕಾಡಿನಲ್ಲಿ ಯಾರೂ ತಪ್ಪಿಹೋಗಬಾರದೆಂದು, ಪ್ರತಿ ಕಟ್ಟೆಯಲ್ಲೂ ಎಲ್ಲರೂ ಬಂದು ಸೇರಿದ ಮೇಲೆಯೇ ವರ್ತಕ ಜಾಗಟೆ ಬಾರಿಸಬೇಕು. ಬಾರಿಸಿದರೆ ಎಲ್ಲರೂ ಏಳಬೇಕು. ಕೇಳುವುದಕ್ಕೆ ಎಷ್ಟು ಚೆಂದ. ಮುಂದಿನವರು ನೆರಳಲ್ಲಿ ಕಾಲು ಚಾಚುತ್ತಿದ್ದರು, ಬೆಲ್ಲ ಕಡಿದು ನೀರು ಕುಡಿಯುತ್ತಿದ್ದರು, ಒಂದು ಕೋಳಿನಿದ್ದೆಯನ್ನೂ ತೆಗೆಯುತ್ತಿದ್ದರು. ಮುದುಕಿ ಏದುಸಿರು ಬಿಡುತ್ತ ಬಂದು ಕಟ್ಟೆಗೆ ಕೈ ಊರುವಷ್ಟರಲ್ಲಿ ಜಾಗಟೆ. ಎಲ್ಲರೂ ಬಂದಾಯಿತಲ್ಲ! ಒಂಟಿಯಾಗಿ ಉಳಿದರೆ ಕರಡಿಯ ಭಯ. ಎಣ್ಣೆಯ ಗಿಂಡಿ ಎತ್ತಿಕೊಂಡು ಅವಳೂ ನಡೆಯುತ್ತಿದ್ದಳು. ದಿನವಿಡೀ ಹೀಗೇ.

ಗುಡಿಗೆ ಇನ್ನೊಂದೇ ಏರು ಇದೆ ಎನ್ನುವಾಗ ಅವಳು ಕುಸಿದಳು. ವರ್ತಕನಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವನಿಗೆ, ನೋಡು.

“ಅಜ್ಜೀ, ದಾರಿಯುದ್ದಕ್ಕೂ ನಿನಗೋಸ್ಕರ ಕಾದಿದ್ದೇವೆ. ಇನ್ನೂ ಏನು ಮಾಡಬೇಕಿತ್ತು?”

“ಕಾದಿರಿ ಕಣಪ್ಪ, ಇಲ್ಲ ಅನ್ನುವುದಿಲ್ಲ. ಕೂತವರು ನೀವು. ನಾನೆಲ್ಲಿ ಕೂತೆ?”

ಪೂಜೆಯ ಹೊತ್ತು ಮೀರುತ್ತದೆ ಎಂದು ಗುಂಪು ಮೇಲೆ ಹೊರಟುಹೋಯಿತು. ಎಣ್ಣೆಯನ್ನಾದರೂ ಕೊಡು ಎಂದರೆ ಅವಳು ಕೊಡಲಿಲ್ಲ. ತಾನೇ ನಡೆದು ಹಾಕುತ್ತೇನೆಂದು ಕೊಟ್ಟ ಮಾತು ಅದು. ಅವರು ಇಳಿದು ಬಂದಾಗ ಗಿಂಡಿ ತಬ್ಬಿಕೊಂಡು ಅಲ್ಲೇ ಕೂತಿದ್ದಳು. ಉಸಿರು ನಿಂತುಹೋಗಿತ್ತು. ಊರಿಗೆ ಬಂದ ವರ್ತಕ, ಅವಳಿಗಾಗಿ ಎಷ್ಟೆಲ್ಲ ಕಾದೆವು ಎಂದು ಮನೆಮನೆಗೂ ಹೇಳಿಕೊಂಡ. ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಗುರುಗಳು ಕತೆ ನಿಲ್ಲಿಸಿದರು. ರಾಚಯ್ಯ ತಿರುಗಿ ನೋಡಿದ. ಮಿಕ್ಕವರೆಲ್ಲ ಕಂಬಳಿಯ ಮೇಲೆ ಒರಗಿದ್ದರು. ಕೊನೆಗೆ ಬಂದ ಸಂಗಯ್ಯ ಗಂಟು ಇಳಿಸಿದವನೇ ಒಲೆ ಹೂಡುತ್ತಿದ್ದ.

“ಹಾಗಾದರೆ ನಾಳೆಯ ನಡಿಗೆ ಕಡಿಮೆ ಮಾಡಲೇ?” ಎಂದು ರಾಚಯ್ಯ ಮೆಲ್ಲಗೆ ಕೇಳಿದ.

“ನಡಿಗೆ ಎಷ್ಟಾದರೂ ಇರಲಿ, ಜಾಗಟೆಯನ್ನು ಸಂಗಯ್ಯನ ಕೈಗೆ ಕೊಡು.”