ನಾವಿಗಲ್ಲಿನ ದೋಣಿಬಂಡಿ ಮತ್ತು ಗಾಲಿ ಮದಾರಸಾಬ

ಭಾಳ ಹಿಂದಿನ ಮಾತಿದು. ಎಷ್ಟು ಹಿಂದಿನದು ಎಂದು ಮಾತ್ರ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಕೃಷ್ಣಾ ಹೊಳೆಯ ದಂಡೆಯ ಮೇಲೆ ನಾವಿಗಲ್ಲು ಅಂತ ಒಂದು ಊರು, ಆ ಊರಲ್ಲಿ ಗಾಲಿ ಮದಾರಸಾಬ ಅಂತ ಒಬ್ಬ ಮನುಷ್ಯ. ಎತ್ತಿನ ಗಾಡಿಯಿರಲಿ, ಟ್ರಾಕ್ಟರಿರಲಿ, ಉರುಳುವಂಥದ್ದು ಯಾವುದು ಕೆಟ್ಟರೂ ಅವನ ಅಂಗಡಿ ಮುಂದೆ ಬಂದು ನಿಲ್ಲಬೇಕು. ಕಣ್ಣು ಮುಚ್ಚಿ ಕೂತು, ದಾರಿಯಲ್ಲಿ ಹೋಗುವ ಗಾಡಿ ಯಾರದು, ಅದರ ಯಾವ ಗಾಲಿಗೆ ನೋವಿದೆ ಎಂದು ಹೇಳುತ್ತಿದ್ದನಂತೆ. ಗಾಲಿಯ ಮೇಲೆ ಅಂಗೈ ಇಟ್ಟರೆ ಅದು ಅವನ ಜೊತೆ ಮಾತಾಡುತ್ತಿತ್ತಂತೆ. ಒಮ್ಮೆ ಗಾಲಿಯೊಳಗಿಂದ ಜೀವಂತ ಹಾವು ಹೊರತೆಗೆದ ಅಂತಲೂ ಹೇಳುತ್ತಾರೆ. ಹಾವಲ್ಲ, ಹಗ್ಗದ ತುಂಡಿರಬೇಕು. ಹೇಳುವವರ ಬಾಯಿಗೆ ಬೀಗ ಹಾಕುವವರು ಯಾರು?

ದೋಣಿಬಂಡಿಯ ಮಾತು ಮಾತ್ರ ಹಾಗಲ್ಲ. ಅದನ್ನು ಎಲ್ಲರೂ ಒಂದೇ ತೆರನಾಗಿ ಹೇಳುತ್ತಾರೆ.

ಊರಿಗೆ ಒಂದೇ ಒಂದು ದೊಡ್ಡ ಕಬ್ಬಿಣದ ದೋಣಿ. ಹೊಳೆ ಉಕ್ಕಿದಾಗ ಕೊಚ್ಚಿಹೋಗದಿರಲಿ ಎಂದು ಮಳೆಗಾಲದಲ್ಲಿ ಅದನ್ನು ಎರಡು ಗಾಲಿಯ ಬಂಡಿಯ ಮೇಲೆ ಏರಿಸಿ ಊರೊಳಗೆ ಇಡುತ್ತಿದ್ದರು. ಬೇಕಾದಾಗ ಟ್ರಾಕ್ಟರಿಗೆ ಕಟ್ಟಿ ಎಳೆದೊಯ್ದು, ಬಂಡಿಯನ್ನೇ ನೀರಿಗಿಳಿಸಿ ದೋಣಿ ಬಿಡುತ್ತಿದ್ದರು. ಆ ಬಂಡಿಯನ್ನು ಅಂಬಿಗರ ಹುಲಿಗೆಪ್ಪನ ಮನೆಯವರು ಬಿಟ್ಟು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಗಾಲಿಯ ನಡುವಿನ ಗುಂಬಕ್ಕೆ ಬೆರಳ ತುದಿಯಷ್ಟು ನಿಪ್ಪಲ್ ಒಂದಿತ್ತು. ಪಂಪಿನ ಮೂತಿಯನ್ನು ಅದಕ್ಕೆ ಕಚ್ಚಿಸಿ ಒತ್ತಿದರೆ ಗ್ರೀಸು ಒಳಗಿನ ಬೇರಿಂಗಿಗೆ ಹೋಗಬೇಕು. ಗ್ರೀಸು ತುಂಬಿದ್ದರೆ ನೀರಿಗೆ ಒಳಗೆ ಜಾಗವಿರುವುದಿಲ್ಲ.

ಹುಲಿಗೆಪ್ಪ ಅಮಾವಾಸ್ಯೆಗೊಮ್ಮೆ ತಪ್ಪದೆ ಗ್ರೀಸು ಒತ್ತುತ್ತಿದ್ದ. ಜ್ವರವಿದ್ದರೂ ಒತ್ತುತ್ತಿದ್ದ, ಮಗಳ ಮದುವೆಯ ದಿನವೂ ಒತ್ತಿದ. ಹಾಗೆಯೇ ವರ್ಷಕ್ಕೊಮ್ಮೆ ಆಯುಧಪೂಜೆಯ ಹಿಂದಿನ ದಿನ ಬಂಡಿಗೆಲ್ಲ ಕೆಂಪು ಬಣ್ಣ ಬಳಿಯುತ್ತಿದ್ದ. ಬಣ್ಣವಿಲ್ಲದ ಜಾಗ ಸಾಸಿವೆಯಷ್ಟು ಉಳಿದರೂ ಹೊಳೆವ್ವ ಅಲ್ಲಿಂದಲೇ ಕೈಹಾಕುತ್ತಾಳೆ ಎಂದು ಅವರ ಮನೆತನದ ನಂಬಿಕೆ. ಬಣ್ಣ ಬಳಿದು, ಅರಿಶಿನ ಮೆತ್ತಿ, ಕುಂಕುಮವಿಟ್ಟು ಕೈಮುಗಿದರೆ ಬಂಡಿ ಮದುವಣಗಿತ್ತಿಯಂತೆ ಕಾಣುತ್ತಿತ್ತು. ಅಂಥ ಬಂಡಿಯ ಗುಂಬವನ್ನು ಒಮ್ಮೆ ಬಿಚ್ಚಿ ನೋಡೋಣ ಎಂದು ಮದಾರಸಾಬ ಹೇಳಿದ್ದನಂತೆ. ಹುಲಿಗೆಪ್ಪನಿಗೆ ಮೈಯೆಲ್ಲ ಉರಿಯಿತು. ನಿನ್ನ ಕೆಲಸ ನೀನು ನೋಡಿಕೋ ಅಂದುಬಿಟ್ಟ.

ಆ ವರ್ಷ ಮೇಲಿನ ಸೀಮೆಯಲ್ಲಿ ಹುಚ್ಚು ಮಳೆ. ಒಂದು ದಿನ ಬೆಳಗಾಗುವುದರೊಳಗೆ ಹೊಳೆ ಎರಡು ಆಳು ಏರಿತ್ತು. ಹೊಳೆಯ ನಡುವೆ ಗುಬ್ಬಿಗಡ್ಡಿ ಅಂತ ನಡುಗಡ್ಡೆ, ಅದರಲ್ಲಿ ನಾಲ್ಕು ಮನೆ. ಅದರಲ್ಲೊಂದು ಹುಲಿಗೆಪ್ಪನ ಅಕ್ಕ ಅಯ್ಯಮ್ಮನದು. ಅಕ್ಕನ ಮಗನಿಗೇ ಅವನು ತನ್ನ ಒಬ್ಬಳೇ ಮಗಳು ದ್ಯಾವಮ್ಮನನ್ನು ಕೊಟ್ಟಿದ್ದ. ಅವಳು ಆಗ ಎಂಟು ತಿಂಗಳ ಬಸುರಿ. ಅಳಿಯ ಊರಿಗೆಂದು ಬಂದವನು ಈಚೆ ದಂಡೆಯಲ್ಲೇ ಸಿಕ್ಕಿಬಿದ್ದಿದ್ದ. ಅಂಥ ಸೆಳವಿಗೆ ಎದುರಾಗಿ ದೋಣಿ ಹೋಗುವುದಿಲ್ಲ. ಬಂಡಿಯನ್ನು ಎಂಟು ಮೈಲಿ ಮೇಲೆ ದೋಣಿ ಇಳಿಸುವ ಕಡವಿಗೆ ಎಳೆದೊಯ್ದು, ಅಲ್ಲಿಂದ ನೀರಿನ ಜೊತೆಗೇ ಇಳಿಸಿಕೊಂಡು ಬಂದು ಗಡ್ಡಿ ಹಿಡಿಯಬೇಕು.

ಹುಲಿಗೆಪ್ಪ ಬಂಡಿಗೆ ಕೈಮುಗಿದು ಹೊರಟ. ಮೂರು ಮೈಲಿ ಹೋಗಿರಬೇಕು, ಎಡಗಾಲಿ ಕಿರುಚತೊಡಗಿತು. ಆಮೇಲೆ ಹೊಗೆ. ಆಮೇಲೆ ಗಾಲಿ ತಿರುಗುವುದೇ ನಿಂತು, ದಾರಿಯ ಕೆಸರಿನಲ್ಲಿ ನೇಗಿಲ ಸಾಲು ಹೊಡೆದಂತೆ ಎಳೆದುಕೊಂಡು ಹೋಯಿತು. ಜನ ಇಳಿದು ನೂಕಿದರು, ಅಲುಗಲಿಲ್ಲ.

ಆಗ ಹಿಂದಿನಿಂದ ಏದುಸಿರು ಬಿಡುತ್ತ, ಹೆಗಲಿಗೆ ಚೀಲ ಹಾಕಿಕೊಂಡು ಮದಾರಸಾಬ ಬಂದ. ಮೂರು ಮೈಲಿ ದೂರದಿಂದ ಗಾಲಿಯ ಕೂಗು ಕೇಳಿ ಓಡಿಬಂದ ಎನ್ನುತ್ತಾರೆ. ಬಂಡಿ ಅಂಗಡಿ ಮುಂದೆ ಹಾಯುವಾಗಲೇ ಕೇಳಿಸಿ ಬೆನ್ನಿಗೇ ಹೊರಟಿದ್ದ ಎಂದೂ ಹೇಳುತ್ತಾರೆ. ಅವನು ಯಾರನ್ನೂ ಕೇಳಲಿಲ್ಲ. ಜಾಕು ಕೊಟ್ಟು ಬಂಡಿ ಎತ್ತಿ, ಗಾಲಿ ಕಳಚಿ, ಗುಂಬ ಬಿಚ್ಚಿದ.

ಒಳಗಿಂದ ನೀರು ಸುರಿಯಿತು. ತುಕ್ಕು ಕಲಸಿದ, ಹೊಗೆಯಾಡುವ ಕೆಂಪು ನೀರು. ಗ್ರೀಸಿನ ಗುರುತೂ ಇರಲಿಲ್ಲ.

ಇದು ನನ್ನ ಬಂಡಿಯಲ್ಲ ಅನ್ನಿಸಿತು ಹುಲಿಗೆಪ್ಪನಿಗೆ. "ನಾ ಪ್ರತಿ ಅಮಾಸಿಗೂ ಹಾಕೀನೋ ಮದಾರ," ಅಂದ. "ತುಂಬಿ ಹೊರಗ ಬರೂತನಕ ಹಾಕೀನಿ."

ಮದಾರಸಾಬ ಉಗುರಿನಿಂದ ನಿಪ್ಪಲಿನ ತಲೆ ಕೆರೆದ. ಕೆಂಪು ಪದರ ಎದ್ದಿತು. ಅದರ ಕೆಳಗೆ ಅರಿಶಿನ, ಅದರ ಕೆಳಗೆ ಮತ್ತೆ ಕೆಂಪು, ಮತ್ತೆ ಅರಿಶಿನ. ನಿಪ್ಪಲಿನ ಬಾಯಿ ಎಂದೋ ಕಲ್ಲಾಗಿತ್ತು. ಒತ್ತಿದ ಗ್ರೀಸೆಲ್ಲ ಹೊರಗೇ ಬಂದಿತ್ತು, ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಹೊರಗೆ ಬಂದದ್ದನ್ನು ತುಂಬಿ ಬಂದದ್ದು ಎಂದು ಹುಲಿಗೆಪ್ಪ ಇಷ್ಟು ವರ್ಷ ಒರೆಸಿ, ಗುಂಬಕ್ಕೇ ಸವರಿ ಹೊಳೆಸಿದ್ದ. ಈಗ ತನ್ನ ಕೈಯನ್ನೇ ನೋಡಿಕೊಂಡ.

ನಿಪ್ಪಲ್ ತಿರುಗಿಸಲು ಹೋದರೆ ಅದು ಅರ್ಧಕ್ಕೆ ಮುರಿದು, ಬುಡ ಒಳಗೇ ಉಳಿಯಿತು. ಜನರೆಲ್ಲ ಮುಗಿಯಿತು ಎಂದುಕೊಂಡರು. ಮದಾರಸಾಬ ಚೌಕ ಮೊನೆಯ ಉಳಿಯೊಂದನ್ನು ಅದರ ತೂತಿಗೆ ಮೆಲ್ಲಗೆ ಬಡಿದು ಕೂರಿಸಿ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹಿಂದಕ್ಕೆ ತಿರುಗಿಸುತ್ತ ಬುಡವನ್ನೂ ಹೊರತಂದ. ಬೇರಿಂಗನ್ನು ಡೀಸೆಲ್‌ನಲ್ಲಿ ತೊಳೆದ. ಕಪ್ಪಾಗಿತ್ತು, ಒಡೆದಿರಲಿಲ್ಲ. ಮುರಿದ ನಿಪ್ಪಲಿನ ಬದಲಿಗೆ ಟ್ರಾಕ್ಟರಿನ ಮುಂದಿನ ಗಾಲಿಯ ಕಡೆಯಿಂದ ಒಂದನ್ನು ಬಿಚ್ಚಿಕೊಂಡ. ಅದರ ಬಾಯಿಯ ಗುಂಡನ್ನು ಜಾಲಿಮುಳ್ಳಿನಿಂದ ಒತ್ತಿ, ಬಿಟ್ಟರೆ ಮೇಲೆ ಬರುತ್ತದೆಯೇ ಎಂದು ನೋಡಿ ಕೂರಿಸಿ, ಗುಂಬಕ್ಕೆ ಗ್ರೀಸು ತುಂಬಿದ. ಬಲಗಾಲಿ ಬಿಚ್ಚಿದರೆ ಅಲ್ಲೂ ಅದೇ ಗತಿ. ಅದಕ್ಕೂ ಅದೇ ಕೆಲಸ. ಹೊತ್ತು ನೆತ್ತಿಗೆ ಬಂತು. ಹುಲಿಗೆಪ್ಪ ಪ್ರತಿ ಕ್ಷಣ ಹೊಳೆಯ ಕಡೆಗೇ ನೋಡುತ್ತಿದ್ದ.

ಉಳಿದ ಐದು ಮೈಲಿಯೂ ಮದಾರಸಾಬ ಬಂಡಿಯ ಪಕ್ಕದಲ್ಲೇ ನಡೆದನಂತೆ, ಗುಂಬಕ್ಕೆ ಆಗಾಗ ಅಂಗೈ ಹಚ್ಚುತ್ತ. ಬಿಸಿಯಾಯಿತೆಂದರೆ ನಿಲ್ಲಿಸಿ ಗ್ರೀಸು ಒತ್ತುವುದು, ಮತ್ತೆ ನಡೆಯುವುದು. ಕಡವು ಮುಟ್ಟಿದಾಗ ಅಂಗೈಯ ಚರ್ಮ ಸುಲಿದಿತ್ತಂತೆ. ಆಮೇಲೆ ಅವನ ಕೈರೇಖೆಯೇ ಅಳಿಸಿಹೋಯಿತು ಅಂತ ಹೇಳುತ್ತಾರೆ.

ದೋಣಿ ಗುಬ್ಬಿಗಡ್ಡಿ ಮುಟ್ಟಿತು. ಮನೆಗಳು ಕಾಣಲಿಲ್ಲ. ದಿಬ್ಬದ ಬೇವಿನ ಮರಕ್ಕೆ ಹದಿನಾಲ್ಕು ಜನ ಜೋತುಬಿದ್ದಿದ್ದರು. ದ್ಯಾವಮ್ಮ ಕವಲಿನಲ್ಲಿ ಕೂತಿದ್ದಳು, ಯಾರದೋ ಸೀರೆಯಿಂದ ಅವಳನ್ನು ಕೊಂಬೆಗೆ ಕಟ್ಟಿದ್ದರು. ಹುಲಿಗೆಪ್ಪ ಮಗಳನ್ನು ಎತ್ತಿ ದೋಣಿಗಿಳಿಸಿ ಅಕ್ಕ ಎಲ್ಲಿ ಎಂದು ಕೇಳಿದ. ದ್ಯಾವಮ್ಮ ಅಳಲಿಲ್ಲ. ಕೆಳಗಿನ ಕೊಂಬೆಯನ್ನೇ ನೋಡುತ್ತಿದ್ದಳು.

"ಅತ್ತಿ ಈಗಿನ್ನ ಇಲ್ಲೇ ಇದ್ಲು, ಅಪ್ಪಾ," ಅಂದಳು. "ತನ್ನ ಸೀರಿ ಬಿಚ್ಚಿ ನನ್ನ ಕಟ್ಟಿದ್ಲು. ಈಗಿನ್ನ ಇದ್ಲು."

ಹುಲಿಗೆಪ್ಪನಿಗೆ ಆ ಒಂದು ಮಾತು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಈಗಿನ್ನ ಅಂದರೆ ಯಾವಾಗ ಎಂದು ಅವನೊಬ್ಬನಿಗೆ ಗೊತ್ತಿತ್ತು. ದಾರಿಯಲ್ಲಿ ಗಾಲಿ ಬಿಚ್ಚಿಕೊಂಡು ಕೂತ ಹೊತ್ತು ಅದು. ಅವನ ಅಕ್ಕ ಕೊಚ್ಚಿಹೋದ ಹೊತ್ತು.

ಊರಿಗೆ ಬಂದ ಮೇಲೆ ಜನ ಸೇರಿ, ದಾರಿಯಲ್ಲಿ ತಡವಾದದ್ದು ಯಾಕೆ ಎಂದು ಕೇಳಿದರು. ಕೆಲವರು ಮದಾರಸಾಬನ ಮೇಲೇ ಹರಿಹಾಯ್ದರು, ಬಲಗಾಲಿ ಬಿಚ್ಚುವ ಉಸಾಬರಿ ಯಾಕೆ ಬೇಕಿತ್ತು ಅಂದರು. ಮದಾರಸಾಬ ಕೈಗೆ ಸುತ್ತಿದ ಬಟ್ಟೆ ನೋಡುತ್ತ, ನಿಪ್ಪಲ್ ಹಳೆಯದಾಗಿತ್ತು ಎಂದಷ್ಟೇ ಹೇಳಿದ. ಬಣ್ಣದ ಮಾತು ಎತ್ತಲಿಲ್ಲ. ಹುಲಿಗೆಪ್ಪ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಅವನು ಎದ್ದು ನಿಂತ. ಎದುರಿಗೇ ಅಳಿಯ ಕೂತಿದ್ದ, ತಾಯಿಯನ್ನು ಕಳೆದುಕೊಂಡವನು.

"ಹಳೇದಾಗಿರ್ಲಿಲ್ಲ," ಅಂದ ಹುಲಿಗೆಪ್ಪ. "ಅದರ ಬಾಯಿ ನಾನ ಮುಚ್ಚಿದ್ದೆ. ಬಿಚ್ಚಿ ನೋಡೂಣು ಅಂತ ಇಂವ ಅಂದಿದ್ದ, ನಾ ಬೈದು ಕಳಿಸಿದ್ದೆ."

ಅಳಿಯ ಎದ್ದು ಹೋಗಿ ಮದಾರಸಾಬನ ಸುಟ್ಟ ಕೈ ಹಿಡಿದುಕೊಂಡು ಅತ್ತನಂತೆ. ಮಾವನ ಕಡೆಗೆ ಅವತ್ತು ನೋಡಲಿಲ್ಲ. ಯಾವತ್ತು ನೋಡಿದ ಎಂದು ಯಾರೂ ಹೇಳುವುದಿಲ್ಲ.

ಮದಾರಸಾಬ ಹೋಗಿ ಎಷ್ಟೋ ಕಾಲವಾಯಿತು. ಈಗಲೂ ನಾವಿಗಲ್ಲಿನ ಹೆಣ್ಣುಮಗಳನ್ನು ಹೊಳೆಯಾಚೆಗೆ ಮದುವೆ ಮಾಡಿಕೊಟ್ಟರೆ, ಅವಳು ದೋಣಿ ಹತ್ತುವ ಮೊದಲು ಒಂದು ಶಾಸ್ತ್ರವಿದೆ. ಮದಾರಸಾಬನ ಹೆಸರು ಹೇಳಿ, ತಂದೆ ತನ್ನ ಕೈಯಿಂದಲೇ ಬಂಡಿಯ ಗುಂಬ ಬಿಚ್ಚಿ ಮಗಳ ಮುಂದೆ ಹಿಡಿಯಬೇಕು. ಅವಳು ಬಳೆ ಹಿಂದಕ್ಕೆ ಸರಿಸಿ, ಗ್ರೀಸು ಒಳಗೆ ಹೋಗಿದೆಯೇ ಎಂದು ಬೆರಳಿಟ್ಟು ನೋಡುತ್ತಾಳೆ. ಬೀಗರು ಕಾಯುತ್ತಿರಲಿ, ಮುಹೂರ್ತ ಮೀರುತ್ತಿರಲಿ, ಅವಳು ಎಷ್ಟು ಹೊತ್ತು ನೋಡಿದರೂ ಯಾವ ತಂದೆಯೂ ಬೇಗ ಮಾಡು ಅನ್ನುವುದಿಲ್ಲ.