ಜೇನುಬಣ್ಣದ ಹರಳುಗಳಿಗೆ ಹೆಸರು ಬಂದದ್ದು

ಬೆಣಚುಕಲ್ಲಿನ ಹೊಟ್ಟೆಯೊಳಗೆ ಜೇನುಬಣ್ಣದ ಎರಡು ಹರಳುಗಳಿದ್ದವು, ಅಣ್ಣ ಮತ್ತು ತಮ್ಮ. ಅಂಥ ಖನಿಜವನ್ನು ಅದುವರೆಗೆ ಯಾರೂ ಕಂಡಿರಲಿಲ್ಲ, ಹಾಗಾಗಿ ಅದಕ್ಕೊಂದು ಹೆಸರೂ ಇರಲಿಲ್ಲ.

"ನಮ್ಮ ಮೈಯಲ್ಲಿರೋದು ಸಾಮಾನ್ಯ ಸರಕಲ್ಲ ಕಣೋ ತಮ್ಮಾ. ಫಾಸ್ಫೇಟು, ಅದರ ಜೊತೆಗೆ ಅಪರೂಪದ ಭೂಧಾತು. ಹೆಸರೊಂದು ಬರಲಿ, ಕಲ್ಲುಕಲ್ಲೂ ಎದ್ದು ನಿಲ್ಲಬೇಕು" ಎಂದು ಅಣ್ಣ ದಿನವೂ ಎದೆ ಸೆಟೆಸುತ್ತಿದ್ದ.

"ಮೊದಲು ಬರಲಿ, ಆಮೇಲೆ ಮೀಸೆ ತಿರುವಯ್ಯಾ" ಎನ್ನುತ್ತಿತ್ತು ಬೆಣಚುಕಲ್ಲು.

ಒಂದು ದಿನ ಕಲ್ಲು ಒಡೆದು, ಇಬ್ಬರೂ ಪ್ರಯೋಗಾಲಯದ ಮೇಜಿಗೆ ಬಂದರು. ಅಲ್ಲಿದ್ದ ಕುಟ್ಟಾಣಿ ಹೇಳಿತು: "ಹೆಸರಿಡಬೇಕಾದರೆ ಒಳಗೇನಿದೆ ಅಂತ ನೋಡಬೇಕು. ಅದಕ್ಕೆ ಒಬ್ಬರು ಪುಡಿಯಾಗಬೇಕು. ಇನ್ನೊಬ್ಬರು ಹೆಸರು ಹೊತ್ತು ಗಾಜಿನ ಪೆಟ್ಟಿಗೆಯಲ್ಲಿ ಕೂರಬಹುದು. ಯಾರು ಬರ್ತೀರಪ್ಪಾ?"

ಅಷ್ಟು ದಿನ ಬಡಾಯಿ ಕೊಚ್ಚಿದ ಅಣ್ಣ ಮೆಲ್ಲಗೆ ತಮ್ಮನ ಹಿಂದೆ ಸರಿದ. ಹಿರಿಯನಾದ ತಾನೇ ಹೋಗಬೇಕೆಂದು ಅವನಿಗೆ ಗೊತ್ತಿತ್ತು, ಆದರೆ ಮೈ ಏಳಲಿಲ್ಲ.

ತಮ್ಮ ಒಂದು ಗಳಿಗೆ ಕಾದು ನೋಡಿದ. "ನೀನು ಮಾತುಗಾರ ಅಣ್ಣಾ, ಹೆಸರು ಹೇಳಿಕೊಳ್ಳೋಕೆ ನೀನೇ ಇರಬೇಕು" ಎಂದು ನಕ್ಕು, ತಾನೇ ಉರುಳಿ ಕುಟ್ಟಾಣಿಯೊಳಗೆ ಬಿದ್ದ.

ಹೆಸರು ಬಂತು. ದಪ್ಪ ಅಕ್ಷರದಲ್ಲಿ ಬರೆದು ಅಣ್ಣನ ಮುಂದಿಟ್ಟರು. ನೋಡುವವರು ಸಾಲುಗಟ್ಟಿ ನಿಂತು ಓದಿದರು.

"ಭಾರೀ ಹೆಸರಪ್ಪಾ, ನಿನ್ನದೇನಾ?" ಎಂದು ಪಕ್ಕದ ಪೆಟ್ಟಿಗೆಯ ಕೆಂಪು ಹರಳು ಕೇಳಿತು.



"ಅಲ್ಲ, ನನ್ನ ತಮ್ಮನದು" ಎಂದ ಅಣ್ಣ.